ದುರ್ಗದಲ್ಲಿ ಸಿನಿಮಾ ಹಬ್ಬ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿತ್ರದುರ್ಗದ ನಮ್ಮ ಸಿನಿಮಾ ಹಬ್ಬ ಹತ್ರ ಬಂತು ಅಂದ್ರೆ ಸಾಕು, ಫೋನಲ್ಲಿ, ಟೀ ಅಂಗಡೀಲಿ, ಬಸ್ ಸ್ಟ್ಯಾಂಡಲ್ಲಿ, ಎಲ್ಲಿ ಸಿಕ್ಕಿದ್ರೂ ಜನ ಇವೇ ಪ್ರಶ್ನೆ ಕೇಳ್ತಾರೆ, ವಯಸ್ಸಾದೋರು ಕೆಲವರು ಇನ್ನೂ ಇನ್‌ಲ್ಯಾಂಡ್ ಲೆಟರ್ ಬರೀತಾರೆ. ಅವನ್ನೆಲ್ಲ ಒಂದ್ಕಡೆ ಸೇರಿಸಿದೀವಿ. ಪ್ರಶ್ನೆ ಕೇಳಿದೋರ ಮಾತಲ್ಲೇ ಇಟ್ಟಿದೀವಿ. ಹೊಸಬ್ರು ಮೇಲಿಂದ ಓದ್ರಿ, ಸಿನಿಮಾ ಮಾಡೋರು, ರೀಲ್ ಡಬ್ಬಿ ಇಟ್ಕೊಂಡಿರೋರು ಸೀದಾ ಕೆಳಗೆ ಹೋಗ್ರಿ.

## ಬರೋಕೆ ಮುಂಚೆ

ಅಣ್ಣ, ಇದು ಏನ್ ಹಬ್ಬ? ಹೀರೋಗಳು ಯಾರಾದ್ರೂ ಬರ್ತಾರಾ?

ಬಂದ್ರೆ ಸಂತೋಷ, ಬರದಿದ್ರೂ ಹಬ್ಬ ನಡೆಯುತ್ತೆ. ಕನ್ನಡದ ಹಳೇ ಸಿನಿಮಾಗಳನ್ನ ದೊಡ್ಡ ಪರದೆ ಮೇಲೆ ಕತ್ತಲಲ್ಲಿ ಕೂತು ನೂರಾರು ಜನ ಒಟ್ಟಿಗೆ ನೋಡೋದು, ಅದನ್ನ ಮಾಡಿದೋರನ್ನ ಕರೆಸಿ ಸಮಾಧಾನವಾಗಿ ಮಾತಾಡಿಸೋದು, ಇದು ಮುಖ್ಯ. ಮಾಡಿದೋರು ಅಂದ್ರೆ ಡೈರೆಕ್ಟರ್ ಅಷ್ಟೇ ಅಲ್ಲ, ಕ್ಯಾಮೆರಾ ಹಿಡಿದೋರು, ಎಡಿಟಿಂಗ್ ಟೇಬಲ್ ಮುಂದೆ ಕೂತೋರು, ಮೇಕಪ್ ಮಾಡಿದೋರು, ಪೋಸ್ಟರ್ ಬರೆದೋರು, ಊರಲ್ಲಿ ಪ್ರೊಜೆಕ್ಟರ್ ಓಡಿಸಿದೋರು, ಎಲ್ಲರೂ. ಜೊತೆಗೆ ದುರ್ಗ, ದಾವಣಗೆರೆ ಕಡೆ ಹುಡುಗ ಹುಡುಗೀರು ಈಗ ಮಾಡ್ತಿರೋ ಸಿನಿಮಾಗಳಿಗೂ ಜಾಗ ಇರುತ್ತೆ. ಸೆಲ್ಫಿ ಸಿಗದೇ ಇರಬೋದು, ಆದ್ರೆ ನೀವು ಚಿಕ್ಕವರಿದ್ದಾಗ ನೋಡಿದ ಒಂದು ಶಾಟ್ ಹೆಂಗೆ ತೆಗೆದ್ರು ಅಂತ ಅದನ್ನ ತೆಗೆದೋರ ಬಾಯಿಂದಾನೇ ಕೇಳಬೋದು.

ಫ್ರೀ ಅಂತೀರ, ಮತ್ತೆ ಪಾಸ್ ಯಾಕೆ? ಸುಮ್ನೆ ಒಳಗೆ ಬಿಡ್ರಲ್ಲ

ಇದು ನಮ್ಮ ಹಟ ಅಲ್ಲ, ಕಾನೂನು. 1952ರ ಸಿನಿಮಾಟೋಗ್ರಾಫ್ ಕಾಯ್ದೆ ಪ್ರಕಾರ ಸೆನ್ಸಾರ್ ಸರ್ಟಿಫಿಕೇಟ್ ಇಲ್ಲದ ಸಿನಿಮಾನ ಸಾರ್ವಜನಿಕವಾಗಿ ತೋರಿಸೋ ಹಾಗಿಲ್ಲ. ಹಬ್ಬದಲ್ಲಿ ಬರೋ ಶಾರ್ಟ್ ಫಿಲಂ, ಡಾಕ್ಯುಮೆಂಟರಿ, ಹೊರಗಿನ ಸಿನಿಮಾಗಳಿಗೆ ಸುಮಾರು ಸಲ ಸರ್ಟಿಫಿಕೇಟ್ ಇರಲ್ಲ. ಅದಕ್ಕೇ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ ಮೊದ್ಲೇ ಲಿಸ್ಟ್ ಕಳಿಸಿ ವಿನಾಯ್ತಿ ತಗೋಬೇಕು. ಆ ವಿನಾಯ್ತಿ ಸಿಗೋದು ವ್ಯಾಪಾರಕ್ಕಲ್ಲದ ಪ್ರದರ್ಶನಕ್ಕೆ, ಹೆಸರು ಬರೆಸಿದ ಪ್ರತಿನಿಧಿಗಳಿಗೆ ಮಾತ್ರ. ನಿಮ್ಮ ಹೆಸರು ರಿಜಿಸ್ಟರಲ್ಲಿ ಇದ್ರೆ ನೀವು ಪ್ರತಿನಿಧಿ, ಇಲ್ಲಾಂದ್ರೆ ಅಲ್ಲ, ಅಷ್ಟೇ. ಒಂದು ಗುರುತಿನ ಚೀಟಿ ತಗೊಂಡು ಬರ್ರಿ, ಬಾಗಿಲಲ್ಲೇ ಬರೆಸಬೋದು.

ಮಕ್ಕಳನ್ನ ಕರ್ಕೊಂಡು ಬರಬೋದಾ ಮೇಡಂ?

ಧಾರಾಳವಾಗಿ, ಆದ್ರೆ ಎಲ್ಲಾ ಶೋಗೂ ಅಲ್ಲ. 2023ರ ತಿದ್ದುಪಡಿ ಆದಮೇಲೆ ಯುಎ, ಅಂದ್ರೆ ಮಕ್ಕಳು ದೊಡ್ಡೋರ ಮಾರ್ಗದರ್ಶನದಲ್ಲಿ ನೋಡಬೋದು ಅನ್ನೋ ಸೆನ್ಸಾರ್ ಸರ್ಟಿಫಿಕೇಟ್, 7, 13, 16 ವರ್ಷ ಅಂತ ಮೂರು ಭಾಗ ಆಗಿದೆ, ನಾವು ವಿನಾಯ್ತಿ ಪಡೆದ ಸಿನಿಮಾಗಳಿಗೂ ಅದೇ ಅಳತೇಲಿ ವಯಸ್ಸು ಬರೆದು ಬೋರ್ಡಿಗೆ ಹಾಕ್ತೀವಿ. ಬೆಳಗಿನ ಶೋ ಮಕ್ಕಳಿಗೇ ಮೀಸಲು.

ದಾವಣಗೆರೆಯಿಂದ ಬಂದು ರಾತ್ರೀನೇ ವಾಪಸ್ ಹೋಗಬೋದಾ?

ಹೋಗಬೋದು. ಹೈವೇಲಿ ಸುಮಾರು 60 ಕಿಲೋಮೀಟರ್, ಬಸ್ ಓಡಾಡ್ತಾನೇ ಇರ್ತವೆ. ರೈಲು ನಂಬ್ಕೋಬೇಡ್ರಿ, ದಾವಣಗೆರೆ ಮೇನ್ ಲೈನಲ್ಲಿದೆ, ದುರ್ಗ ಚಿಕ್ಕಜಾಜೂರಿಂದ ಒಡೆಯೋ ಲೈನಲ್ಲಿದೆ, ಟೈಮ್ ಹೊಂದಲ್ಲ. ಕೊನೇ ಶೋ ಆದ್ಮೇಲೆ ಮಾತುಕತೆ ಇರುತ್ತೆ, ಅದನ್ನ ಬಿಟ್ಟು ಓಡೋದಕ್ಕಿಂತ ಒಂದ್ರಾತ್ರಿ ಉಳ್ಕೊಳ್ಳೋದು ಒಳ್ಳೇದು ಅಂತ ನಾನಂತೂ ಹೇಳ್ತೀನಿ.

ಎಲ್ಲಾ ಯೂಟ್ಯೂಬಲ್ಲಿ ಬಿಟ್ಟಿ ಸಿಗುತ್ತೆ, ಅಲ್ಲಿಗೆ ಬಂದು ಯಾಕೆ ನೋಡ್ಬೇಕು?

ಎಲ್ಲಾ ಸಿಗಲ್ಲ, ಇದು ಮೊದಲನೇ ಮಾತು. ಸಿಗೋದ್ರಲ್ಲೂ ಬಹಳಷ್ಟು ಯಾವಾಗ್ಲೋ ಟೀವೀಲಿ ಬಂದಿದ್ದನ್ನೋ ಸಿ.ಡಿ.ಯಿಂದಾನೋ ತೆಗೆದು ಹಾಕಿದ್ದು. ಟೀವಿಗೆ ಅಂತ ಎರಡು ಹಾಡು, ನಾಕು ಸೀನ್ ಕಿತ್ತಾಕಿರ್ತಾರೆ, ನೀವು ಅದೇ ಪೂರ್ತಿ ಸಿನಿಮಾ ಅಂದ್ಕೊಂಡು ಕತೆ ಜಂಪ್ ಆಯ್ತು, ಡೈರೆಕ್ಟರಿಗೆ ಬುದ್ಧಿ ಇಲ್ಲ ಅಂತ ಬೈತೀರ. ಇನ್ನೊಂದು ಚೌಕಟ್ಟಿನ ವಿಷಯ. ಐವತ್ತು ಅರವತ್ತರ ದಶಕದ ನಮ್ಮ ಕಪ್ಪು ಬಿಳುಪು ಸಿನಿಮಾಗಳ ಚಿತ್ರ ಹತ್ತತ್ರ ಚೌಕಾಕಾರ, ಎತ್ತರ 1 ಇದ್ರೆ ಅಗಲ 1.37. ಈಗಿನ ಟೀವಿ ಅಗಲ, ಅದಕ್ಕೆ ಹೊಂದಿಸೋಕೆ ಅಂತ ಮೇಲೆ ಕೆಳಗೆ ಕತ್ತರಿಸ್ತಾರೆ, ಕ್ಯಾಮೆರಾಮನ್ ಬೇಕು ಅಂತ ಇಟ್ಟಿದ್ದ ಕಾಲ್ಗೆಜ್ಜೆ, ಮೇಲಿನ ತೊಲೆ, ಬಾಗಿಲ ತೋರಣ ಎಲ್ಲಾ ಹೋಗಿರುತ್ತೆ. ಇಲ್ಲಾಂದ್ರೆ ಎಳೆದು ಅಗಲ ಮಾಡ್ತಾರೆ, ರಾಜ್‌ಕುಮಾರ್ ಮುಖ ದುಂಡಗೆ ಕಾಣುತ್ತೆ.

ನಾವು ಚೌಕಟ್ಟು ಹೆಂಗಿತ್ತೋ ಹಂಗೇ ತೋರಿಸ್ತೀವಿ, ಅಕ್ಕ ಪಕ್ಕ ಪರದೆ ಖಾಲಿ ಇದ್ರೂ ಪರವಾಗಿಲ್ಲ. ಮತ್ತೆ ನೂರು ಜನ ಒಟ್ಟಿಗೆ ನಗೋದು, ಒಟ್ಟಿಗೆ ಸುಮ್ನಾಗೋದು, ಅದು ಫೋನಲ್ಲಿ ಆಗಲ್ಲ. ಆ ಸಿನಿಮಾ ಕಟ್ಟಿದ್ದೇ ಅಂಥ ಜನಕ್ಕೆ ಅಂತ, ಜೋಕ್ ಆದ್ಮೇಲೆ ನಗೋಕೆ ಅಂತ ಜಾಗ ಬಿಟ್ಟಿರ್ತಾರೆ, ಒಬ್ರೇ ನೋಡಿದ್ರೆ ಆ ಜಾಗ ಬರೀ ಎಳೆದಂಗೆ ಅನ್ಸುತ್ತೆ.

## ನಮ್ಮ ಕಡೆ ಸಿನಿಮಾ ಕತೆ

ದುರ್ಗ ಅಂದ್ರೆ ನಾಗರಹಾವು ಒಂದೇನಾ? ಬೇರೆ ಏನೂ ಇಲ್ವಾ?

ನಾಗರಹಾವು ದೊಡ್ಡದು, ಅದ್ರಲ್ಲಿ ಎರಡು ಮಾತಿಲ್ಲ. 1972, ಪುಟ್ಟಣ್ಣ ಕಣಗಾಲ್ ಡೈರೆಕ್ಷನ್, ಎನ್. ವೀರಾಸ್ವಾಮಿ ನಿರ್ಮಾಣ, ವಿಜಯಭಾಸ್ಕರ್ ಸಂಗೀತ. ವಿಷ್ಣುವರ್ಧನ್ ಹೀರೋ ಆಗಿದ್ದು, ಅಂಬರೀಶ್ ತೆರೆಗೆ ಬಂದಿದ್ದು ಇಲ್ಲಿಂದಾನೇ. 2018ರಲ್ಲಿ ಡಿಜಿಟಲ್ ಮಾಡಿ ಮತ್ತೆ ಥಿಯೇಟರಿಗೆ ಬಿಟ್ಟಾಗ್ಲೂ ಜನ ನುಗ್ಗಿದ್ರು.

ಆದ್ರೆ ಆ ಸಿನಿಮಾದ ಬೇರು ಕಾದಂಬರಿಕಾರ ತರಾಸು. ಈಗಿನ ದಾವಣಗೆರೆ ಜಿಲ್ಲೆಯ ಮಲೆಬೆನ್ನೂರಲ್ಲಿ 1920ರಲ್ಲಿ ಹುಟ್ಟಿ ದುರ್ಗಾನ ತಮ್ಮ ಊರು ಮಾಡ್ಕೊಂಡೋರು. ನಾಗರಹಾವು, ಒಂದು ಗಂಡು ಎರಡು ಹೆಣ್ಣು, ಸರ್ಪಮತ್ಸರ, ಈ ಮೂರು ಕಾದಂಬರಿ ಸೇರಿಸಿ ಪುಟ್ಟಣ್ಣ ಒಂದು ಸಿನಿಮಾ ಮಾಡಿದ್ರು. ಅದಕ್ಕೂ ಮುಂಚೆ 1964ರಲ್ಲಿ ಚಂದವಳ್ಳಿಯ ತೋಟ ಬಂದಿತ್ತು, ಟಿ.ವಿ. ಸಿಂಗ್ ಠಾಕೂರ್ ಡೈರೆಕ್ಷನ್, ರಾಜ್‌ಕುಮಾರ್, ಉದಯಕುಮಾರ್, ಜಯಂತಿ ಮಾಡಿದ್ದು, ಆ ವರ್ಷದ ಕನ್ನಡ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೀತು. ಒಂದು ಮನೆ ಒಡೆಯೋದನ್ನ, ಅದ್ರ ಜೊತೆ ಒಂದು ಹಳ್ಳಿ ಒಡೆಯೋದನ್ನ ಇಷ್ಟು ನೇರವಾಗಿ ಹೇಳಿದ ಸಿನಿಮಾ ಕಮ್ಮಿ. ನನ್ನ ಕೇಳಿದ್ರೆ ಹೊಸಬ್ರು ಇದನ್ನೇ ಮೊದ್ಲು ನೋಡ್ಬೇಕು.

ಹಂಸಗೀತೆ ಕತೆ ಇನ್ನೂ ಚೆನ್ನಾಗಿದೆ. ದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಬಗ್ಗೆ ತರಾಸು ಬರೆದ ಕಾದಂಬರಿ, ಮೊದ್ಲು ಹಿಂದೀಲಿ 1956ರಲ್ಲಿ ಬಸಂತ್ ಬಹಾರ್ ಆಯ್ತು, ಅದ್ರಲ್ಲಿ ನಮ್ಮ ಭೀಮಸೇನ ಜೋಶಿಯವರು ಮನ್ನಾ ಡೇ ಜೊತೆ ಹಾಡಿದಾರೆ. ಕನ್ನಡಕ್ಕೆ ಬಂದಿದ್ದು 1975ರಲ್ಲಿ, ಜಿ.ವಿ. ಅಯ್ಯರ್ ಮಾಡಿದ್ದು, ಅನಂತ್‌ನಾಗ್ ನಟಿಸಿದ್ದು, ಅದಕ್ಕೆ ಹಾಡಿದ ಬಾಲಮುರಳಿಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ದುರ್ಗದ ಒಬ್ಬ ಹಾಡುಗಾರನ ಕತೆ ಬೊಂಬಾಯಿ ಸುತ್ತಿ ಮನೆಗೆ ಬರೋಕೆ ಹತ್ತೊಂಬತ್ತು ವರ್ಷ ಹಿಡೀತು. ಎರಡನ್ನೂ ಒಂದರ ಹಿಂದೊಂದು ತೋರಿಸ್ಬೇಕು ಅನ್ನೋದು ನಮ್ಮ ಬಹಳ ದಿನದ ಆಸೆ.

ನಾಗರಹಾವು ಶೂಟಿಂಗ್ ಆದ ಜಾಗ ತೋರಿಸ್ತೀರಾ? ಕೋಟೆ ಒಳಗೇ ಸ್ಕ್ರೀನ್ ಹಾಕಿ ಸಿನಿಮಾ ತೋರಿಸಿದ್ರೆ ಹೆಂಗಿರುತ್ತೆ!

ಚೆನ್ನಾಗಿರುತ್ತೆ, ಗೊತ್ತು. ಆದ್ರೆ ಕೋಟೆ ಪುರಾತತ್ವ ಇಲಾಖೆ ಕೈಲಿದೆ, ಸಂಜೆ ಆದ್ಮೇಲೆ ಬಾಗಿಲು ಹಾಕ್ತಾರೆ, ಸಿನಿಮಾಗೆ ಬೇಕಾಗಿರೋದು ಕತ್ತಲು. ಜನರೇಟರ್, ಸ್ಪೀಕರ್, ಸಾವಿರ ಜನರ ಚಪ್ಪಲಿ ಅಲ್ಲಿಗೆ ಹೋಗೋದು ಆ ಕಲ್ಲಿಗೂ ಒಳ್ಳೇದಲ್ಲ, ಇದು ನನ್ನ ಅಭಿಪ್ರಾಯ.

ಅದ್ರ ಬದಲು ಬೆಳಗ್ಗೆ ಹೊತ್ತು ಕೋಟೆ ನಡಿಗೆ ಮಾಡ್ತೀವಿ. ಸಿನಿಮಾದ ಕೆಲವು ಫ್ರೇಮ್ ಪ್ರಿಂಟ್ ತೆಗೆದು ಎಲ್ಲರ ಕೈಗೂ ಕೊಡ್ತೀವಿ, ಗೈಡ್ ಬಾಯಿ ಬಿಡಲ್ಲ, ನೀವೇ ಬಂಡೆ ಸಾಲು, ಬುರುಜು, ಮೆಟ್ಟಿಲು ನೋಡ್ಕೊಂಡು ಕ್ಯಾಮೆರಾ ಎಲ್ಲಿತ್ತು ಅಂತ ಹುಡುಕ್ಬೇಕು. ಸಿಕ್ಕಾಗ ಜನ ಹಿಂದೆ ಮುಂದೆ ಹೆಜ್ಜೆ ಇಟ್ಟು ಸರಿ ಮಾಡ್ಕೊಳ್ತಾರಲ್ಲ, ಅಲ್ಲಿಂದ ಅವರು ಸಿನಿಮಾ ನೋಡೋ ರೀತೀನೇ ಬೇರೆ ಆಗುತ್ತೆ. ಏಕನಾಥೇಶ್ವರಿ ಗುಡಿ, ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ ಎಲ್ಲಾ ದಾರೀಲೇ ಸಿಗ್ತವೆ. ಓಬವ್ವನ ಕಿಂಡಿ ಹತ್ರ ಮಾತ್ರ ಯಾರಾದ್ರೂ ಒಬ್ರು ನಾಗರಹಾವಲ್ಲಿ ಜಯಂತಿಯವರು ಓಬವ್ವ ಆಗಿ ಬರೋ ಹಾಡು ಗುನುಗದೇ ಇರಲ್ಲ. ನೀರಿನ ಬಾಟಲ್ ತರ್ರಿ, ತಿಂಡಿ ಕೈಯಲ್ಲಿ ಹಿಡಿಬೇಡ್ರಿ, ಕೋತಿ ಬಿಡಲ್ಲ.

ದಾವಣಗೆರೆಗೂ ಸಿನಿಮಾಕ್ಕೂ ಏನ್ ಸಂಬಂಧ, ಬರೀ ನೋಡೋರು ತಾನೆ?

ನೋಡೋರು ಅಂತ ಸಣ್ಣದು ಮಾಡಬೇಡ್ರಿ. ಹತ್ತಿ ಮಿಲ್ಲುಗಳ ಊರು, ಕೈಯಲ್ಲಿ ಸಂಬಳ, ಸುತ್ತಲ ಹಳ್ಳಿಯಿಂದ ಸಂತೆಗೆ ಬರೋ ಜನ, ಅಂಥ ಕಡೆ ಟಾಕೀಸು ಬೆಳೆಯುತ್ತೆ. ಇವತ್ತಿಗೂ ರೈಲ್ವೆ ಗೇಟಿಗೆ ದಾರಿ ಹೇಳೋಕೆ ಅಶೋಕ ಟಾಕೀಸ್ ಹೆಸರೇ ಬೇಕು.

ಮಾಡೋರ ಕತೆ ಕಂಪನಿ ನಾಟಕದಿಂದ ಶುರು ಮಾಡ್ಬೇಕು. ದಾವಣಗೆರೆಯ ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಗೊತ್ತಿಲ್ಲದ ಹಿರಿಯರು ಈ ಕಡೆ ಇಲ್ಲ. ಪದ್ಮಶ್ರೀ ಚಿಂದೋಡಿ ಲೀಲಾ ಅವರು ರಂಗದ ಮೇಲೂ ಇದ್ರು, ತೆರೆ ಮೇಲೂ ಬಂದ್ರು. ಅದೇ ಮನೆಯ ಚಿಂದೋಡಿ ಬಂಗಾರೇಶ್ ಡೈರೆಕ್ಟ್ ಮಾಡಿದ ಗಾನಯೋಗಿ ಪಂಚಾಕ್ಷರಿ ಗವಾಯಿ ಚಿತ್ರಕ್ಕೆ ಹಂಸಲೇಖ ಅವರಿಗೆ 1995ರ ರಾಷ್ಟ್ರಪ್ರಶಸ್ತಿ ಸಿಕ್ತು. ಕನ್ನಡ ಸಿನಿಮಾ ಪೂರ್ತಿ ನಾಟಕ ಕಂಪನಿಗಳ ಹೆಗಲ ಮೇಲೇ ನಿಂತು ಬೆಳೆದಿದ್ದು, 1954ರಲ್ಲಿ ಬೇಡರ ಕಣ್ಣಪ್ಪ ಮಾಡಿದ ರಾಜ್‌ಕುಮಾರ್ ಬಂದಿದ್ದೂ ಗುಬ್ಬಿ ಕಂಪನಿಯಿಂದಾನೇ. ಅದಕ್ಕೇ ನಮ್ಮ ಹಬ್ಬದಲ್ಲಿ ರಂಗಗೀತೆಗೆ ಒಂದು ಸಂಜೆ ಇಟ್ಟಿದೀವಿ, ಕೆಲವರು ಸಿನಿಮಾ ಹಬ್ಬದಲ್ಲಿ ಹಾರ್ಮೋನಿಯಂ ಯಾಕೆ ಅಂತ ಕೇಳ್ತಾರೆ, ಬಂದು ಕೇಳಿದೋರು ಆ ಮಾತು ಮತ್ತೆ ಎತ್ತಲ್ಲ.

ಪ್ರೊಜೆಕ್ಟರ್ ಆಪರೇಟರ್‌ಗೆಲ್ಲ ಶಾಲು ಹಾಕ್ತೀರಲ್ಲ, ಅವರು ಬಟನ್ ಒತ್ತೋರು ತಾನೆ ಸರ್?

ಈ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಕೊಡ್ತೀನಿ, ಯಾಕಂದ್ರೆ ಈ ಕೆಲಸ ಗೊತ್ತಿರೋ ತಲೆಮಾರು ನಮ್ಮ ಕಣ್ಣ ಮುಂದೇನೇ ಮುಗೀತಿದೆ.

35 ಎಂಎಂ ಫಿಲಂ ಸೆಕೆಂಡಿಗೆ 24 ಚಿತ್ರ ಓಡುತ್ತೆ, ಅಂದ್ರೆ ನಿಮಿಷಕ್ಕೆ 90 ಅಡಿ. ಸಾವಿರ ಅಡಿ ರೀಲು ಹನ್ನೊಂದು ನಿಮಿಷ. ಎರಡೂವರೆ ಗಂಟೆ ಸಿನಿಮಾ ಅಂದ್ರೆ ಹದಿಮೂರು ಸಾವಿರದ ಐನೂರು ಅಡಿ ಫಿಲಂ ಆ ಸಣ್ಣ ರೂಮಲ್ಲಿ ಒಬ್ಬರ ಕೈ ಮೇಲೆ ಹಾದು ಹೋಗ್ಬೇಕು. ಎರಡು ಪ್ರೊಜೆಕ್ಟರ್ ಇರ್ತಿದ್ವು. ಒಂದ್ರಲ್ಲಿ ರೀಲು ಮುಗಿಯೋಕೆ ಬಂದಾಗ ಪರದೆಯ ಬಲಗಡೆ ಮೇಲಿನ ಮೂಲೇಲಿ ಒಂದು ಚುಕ್ಕಿ ಮಿಂಚುತ್ತೆ, ಆಗ ಎರಡನೇದರ ಮೋಟಾರ್ ಆನ್ ಮಾಡ್ಬೇಕು, ಸುಮಾರು ಏಳು ಸೆಕೆಂಡ್ ಆದ್ಮೇಲೆ ಇನ್ನೊಂದು ಚುಕ್ಕಿ, ಆಗ ಬದಲಾಯಿಸ್ಬೇಕು. ಕೆಳಗೆ ಕೂತೋರಿಗೆ ಗೊತ್ತೇ ಆಗಬಾರದು. ಗೊತ್ತಾದ್ರೆ ಶಿಳ್ಳೆ, ಬೈಗುಳ.

ಬೆಳಕು ಬರ್ತಿದ್ದಿದ್ದು ಬಲ್ಬಿಂದ ಅಲ್ಲ, ಕಾರ್ಬನ್ ಕಡ್ಡಿಯಿಂದ. ಎರಡು ಕಡ್ಡಿ ತುದಿ ಮಧ್ಯೆ ವಿದ್ಯುತ್ ಕಿಡಿ ಹಾರಿ ಉರಿಯುತ್ತೆ, ಉರೀತಾ ಉರೀತಾ ಕಡ್ಡಿ ಸವೆಯುತ್ತೆ, ಅಂತರ ಜಾಸ್ತಿ ಆದ್ರೆ ಪರದೆ ಮಂಕಾಗುತ್ತೆ, ಅದಕ್ಕೇ ಆಪರೇಟರ್ ಅದನ್ನ ಕೈಯಲ್ಲಿ ತಿರುಗಿಸ್ತಾ ಕಣ್ಣಿಟ್ಟಿರ್ಬೇಕು. ಸೆಖೆ, ಹೊಗೆ, ಸದ್ದು. ಒಂದೇ ಪ್ರಿಂಟು ಎರಡು ಟಾಕೀಸಲ್ಲಿ ಓಡಿಸೋ ಕಾಲದಲ್ಲಿ ಇಲ್ಲಿ ಮುಗಿದ ರೀಲನ್ನ ಸೈಕಲ್ ಮೇಲೆ ಹುಡುಗ ಆ ಕಡೆ ತಗೊಂಡು ಹೋಗ್ತಿದ್ದ, ಗೇಟು ಬಿದ್ರೆ ಅಲ್ಲಿ ಇಂಟರ್ವಲ್ ಉದ್ದ ಆಗ್ತಿತ್ತು. ಹರಿದ ಫಿಲಂನ ಬ್ಲೇಡಲ್ಲಿ ಕೆರೆದು, ಫಿಲಂ ಸಿಮೆಂಟ್ ಅನ್ನೋ ಅಂಟು ಹಚ್ಚಿ ಅಂಟಿಸಿ, ಮುಂದಿನ ಊರಿಗೆ ಓಡೋ ಹಾಗೆ ಮಾಡಿ ಕಳಿಸ್ತಿದ್ದೋರು ಇವ್ರೇ. 2010ರ ಆಸುಪಾಸಲ್ಲಿ ಎಲ್ಲಾ ಡಿಜಿಟಲ್ ಆಯ್ತು, ಪ್ರೊಜೆಕ್ಟರ್‌ಗಳು ಗುಜರಿಗೆ ಹೋದ್ವು, ಇವರು ಬೇರೆ ಕೆಲಸ ನೋಡ್ಕೊಂಡ್ರು.

ಅವರು ಹೇಳೋದನ್ನ ನಾವು ರೆಕಾರ್ಡ್ ಮಾಡಿ ಇಟ್ಕೊಳ್ತಿದೀವಿ. ಶಾಲು ನೆಪ, ಅವರನ್ನ ಮೈಕ್ ಮುಂದೆ ಕೂರಿಸೋದು ಮುಖ್ಯ. ನಿಮ್ಮ ಬೀದೀಲಿ ಇಂಥೋರು ಇದ್ರೆ ದಯವಿಟ್ಟು ತಿಳಿಸ್ರಿ, ಮುಂದಿನ ವರ್ಷ ಅಂತ ತಳ್ಳಬೇಡ್ರಿ.

## ಹಳೇ ಫಿಲಂ, ಹಳೇ ಕಾಗದ

ಕನ್ನಡದ ಮೊದಲನೇ ಟಾಕಿ ಸತಿ ಸುಲೋಚನ ತೋರಿಸ್ರಿ, ಪ್ರತಿ ಸಲ ಕೇಳ್ತೀವಿ ನೀವು ಹಾಕಲ್ಲ

ಹಾಕೋಕೆ ಅದು ಇಲ್ಲ. 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಟಾಕೀಸಲ್ಲಿ ಬಿಡುಗಡೆ ಆಗಿತ್ತು, ವೈ.ವಿ. ರಾವ್ ಡೈರೆಕ್ಷನ್, ಚಮನ್‌ಲಾಲ್ ಡೂಂಗಾಜಿ ದುಡ್ಡು ಹಾಕಿದ್ದು, ಶೂಟಿಂಗ್ ಆಗಿದ್ದು ಕೊಲ್ಹಾಪುರದಲ್ಲಿ. ಸುಬ್ಬಯ್ಯ ನಾಯ್ಡು ಇಂದ್ರಜಿತು, ಆರ್. ನಾಗೇಂದ್ರರಾಯರು ರಾವಣ, ತ್ರಿಪುರಾಂಬ ಸುಲೋಚನ. ಇಷ್ಟೆಲ್ಲ ಗೊತ್ತು, ಫೋಟೋ ಇದಾವೆ, ಆದ್ರೆ ಪ್ರಿಂಟ್ ಉಳಿದಿಲ್ಲ.

ಯಾಕೆ ಉಳೀಲಿಲ್ಲ ಅಂದ್ರೆ, ಆಗಿನ ಫಿಲಂ ನೈಟ್ರೇಟ್, ಬೆಂಕಿ ಹತ್ತಿದ್ರೆ ನೀರು ಹಾಕಿದ್ರೂ ಆರಲ್ಲ. ಮತ್ತೆ ಕಪ್ಪು ಬಿಳುಪು ಫಿಲಂನಲ್ಲಿ ಬೆಳ್ಳಿ ಇರುತ್ತೆ, ಓಟ ಮುಗಿದ ಪ್ರಿಂಟನ್ನ ತೂಕಕ್ಕೆ ಹಾಕಿ ಬೆಳ್ಳಿ ತೆಗೀತಿದ್ರು. ಓಡಿ ಮುಗಿದ ಸಿನಿಮಾನ ಯಾರಾದ್ರೂ ಮುಂದೆ ನೋಡ್ತಾರೆ ಅಂತ ಆಗ ಯಾರೂ ಅಂದ್ಕೊಳ್ಳಲಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾಗಿದ್ದೇ 1964ರಲ್ಲಿ, ಪಿ.ಕೆ. ನಾಯರ್ ಊರೂರು ಅಲೆದು ಡಬ್ಬಿ ಕೂಡಿಸೋ ಹೊತ್ತಿಗೆ ಎಷ್ಟೋ ಹೋಗಿತ್ತು.

ನಮ್ಮ ತಾತಂದು ಟೂರಿಂಗ್ ಟಾಕೀಸ್ ಇತ್ತು, ಅಟ್ಟದ ಮೇಲೆ ರೀಲ್ ಡಬ್ಬಿ ಇದಾವೆ. ಏನ್ ಮಾಡ್ಲಿ?

ಮೊದ್ಲು, ಬಿಸಾಡಬೇಡಿ, ಗುಜರಿಗೆ ಹಾಕಬೇಡಿ. ಆಮೇಲೆ, ಓಡಿಸಿ ನೋಡೋಣ ಅಂತ ಪ್ರೊಜೆಕ್ಟರ್‌ಗೆ ಏರಿಸಬೇಡಿ, ಒಣಗಿ ಕುಗ್ಗಿದ ಫಿಲಂ ಹಲ್ಲಿಗೆ ಸಿಕ್ಕಿ ಒಂದೇ ಸಲಕ್ಕೆ ಚಿಂದಿ ಆಗುತ್ತೆ.

ಡಬ್ಬಿ ಮೇಲಿರೋ ಚೀಟಿ ಎಲ್ಲಾ ಕಡೆಯಿಂದ ಫೋಟೋ ತೆಗೀರಿ, ಒರೆಸಬೇಡಿ. ಅಡುಗೆ ಮನೆ, ದೇವರ ಮನೆ ದೀಪ, ಬೀಡಿ ಸಿಗರೇಟಿಂದ ದೂರ, ಗಾಳಿ ಆಡೋ ನೆರಳಿನ ಜಾಗಕ್ಕೆ ತಗೊಂಡು ಹೋಗಿ ಮೆಲ್ಲಗೆ ಮುಚ್ಚಳ ತೆಗೀರಿ. ವಿನೆಗರ್ ವಾಸನೆ ಬಂದ್ರೆ ಅದು ಅಸಿಟೇಟ್ ಫಿಲಂ, ಕೊಳೆಯೋಕೆ ಶುರುವಾಗಿದೆ ಅಂತ ಅರ್ಥ. ಸೆಖೆ, ತೇವ ಎರಡೂ ಇದನ್ನ ಜೋರು ಮಾಡ್ತವೆ, ಅದ್ರ ಆವಿ ಪಕ್ಕದ ಡಬ್ಬೀನೂ ಕೆಡಿಸುತ್ತೆ, ಹಾಗಾಗಿ ವಾಸನೆ ಬರೋದನ್ನ ಬೇರೆ ಇಡ್ರಿ. 1950ಕ್ಕಿಂತ ಮುಂಚಿನ ಫಿಲಂ ಆಗಿದ್ರೆ, ಕಂದು ಪುಡಿ ಅಥವಾ ಜೇನಿನಂಥ ಅಂಟು ಕಂಡ್ರೆ, ನೈಟ್ರೇಟ್ ಇರಬೋದು, ಆಗ ಮುಚ್ಚಳ ಮುಚ್ಚಿ ಮನೆಯಿಂದಾನೇ ಹೊರಗೆ, ಬಿಸಿಲು ಬೀಳದ ಕಡೆ ಇಟ್ಟು ತಿಳಿದೋರನ್ನ ಕರೀರಿ. ಕಲರ್ ಪ್ರಿಂಟ್ ಪೂರ್ತಿ ಕೆಂಪಗೆ ಕಂಡ್ರೆ ಹೆದರಬೇಡಿ, ಬೇರೆ ಬಣ್ಣ ಹೋಗಿ ಅದೊಂದು ಉಳಿದಿದೆ ಅಷ್ಟೇ, ಇನ್ನೂ ಉಪಯೋಗ ಇದೆ.

ಜಾಗ ಯಾವುದು ಅಂತ ಕೇಳಿದ್ರೆ, ಪುಣೆಯ ಸಂಗ್ರಹಾಲಯ, ಈಗ ಅದು ಎನ್‌ಎಫ್‌ಡಿಸಿ, ಅಂದ್ರೆ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ ಜೊತೆ ಸೇರಿದೆ. ಮುಂಬೈಯಲ್ಲಿ 2014ರಿಂದ ಫಿಲಂ ಹೆರಿಟೇಜ್ ಫೌಂಡೇಶನ್ ಇದೆ. ಡಬ್ಬಿ ಕೊಟ್ಟ ತಕ್ಷಣ ಹಕ್ಕು ಹೋಗುತ್ತೆ ಅನ್ನೋ ಭಯ ಸುಮಾರು ಜನಕ್ಕೆ ಇದೆ. ಇಡೋಕೆ ಕೊಡೋದು ಬೇರೆ, ಹಕ್ಕು ಬರೆದುಕೊಡೋದು ಬೇರೆ, ಕಾಗದದಲ್ಲಿ ಅದನ್ನ ಸ್ಪಷ್ಟ ಮಾಡ್ಕೊಂಡು ಸಹಿ ಹಾಕ್ರಿ. ಪತ್ರ ಬರೆಯೋಕೆ ನಾವು ಜೊತೆಗೆ ಕೂರ್ತೀವಿ.

ರೀಲ್ ಇಲ್ಲ, ಹಳೇ ಹಾಡಿನ ಪುಸ್ತಕ, ಪೋಸ್ಟರ್, ಟಿಕೆಟ್ ಪುಸ್ತಕ ಇದೆ. ಅದು ಬೇಕಾ?

ಬೇಕು. ಪ್ರಿಂಟೇ ಇಲ್ಲದ ಸಿನಿಮಾಕ್ಕೆ ನಾಲ್ಕಾಣೆ ಹಾಡಿನ ಪುಸ್ತಕವೇ ಸಾಕ್ಷಿ, ಅದ್ರಲ್ಲಿ ಕಥಾ ಸಾರಾಂಶ, ಪಾತ್ರವರ್ಗ, ಎಲ್ಲಾ ಇರುತ್ತೆ. ಲ್ಯಾಮಿನೇಷನ್ ಮಾಡಿಸಬೇಡಿ, ಸೆಲೋ ಟೇಪ್ ಹಚ್ಚಬೇಡಿ, ಮಡಿಕೆ ಇದ್ರೆ ಇಸ್ತ್ರಿ ಮಾಡಬೇಡಿ. ಹಬ್ಬದಲ್ಲಿ ಸ್ಕ್ಯಾನರ್ ಇಟ್ಕೊಂಡು ಕೂತಿರ್ತೀವಿ, ನಿಮ್ಮ ಕಣ್ಣೆದುರೇ ಸ್ಕ್ಯಾನ್ ಮಾಡಿ ಅಲ್ಲೇ ವಾಪಸ್ ಕೊಡ್ತೀವಿ.

ರಿಸ್ಟೋರೇಷನ್ ಅಂದ್ರೆ ಕಪ್ಪು ಬಿಳುಪಿಗೆ ಕಲರ್ ಹಾಕೋದಾ?

ಖಂಡಿತ ಅಲ್ಲ. ಇದ್ದಿದ್ದನ್ನ ಇದ್ದಹಾಗೆ ಮತ್ತೆ ಕಾಣಿಸೋದು. ಗಿರೀಶ್ ಕಾಸರವಳ್ಳಿಯವರ ಘಟಶ್ರಾದ್ಧ ತಗೊಳ್ರಿ. 1977ರದ್ದು, ಅನಂತಮೂರ್ತಿಯವರ ಕತೆ, ಎಸ್. ರಾಮಚಂದ್ರ ಕ್ಯಾಮೆರಾ, ಕಪ್ಪು ಬಿಳುಪು, ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡೋ ಸ್ವರ್ಣಕಮಲ ಬಂದ ಚಿತ್ರ. ಅದ್ರ ಮೂಲ ನೆಗೆಟಿವ್ ಪುಣೆಯಲ್ಲಿ ಉಳಿದಿತ್ತು, ಅದ್ರಿಂದಾನೇ ಫಿಲಂ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೇಸಿಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ರಿಸ್ಟೋರ್ ಮಾಡಿಸಿ 2024ರಲ್ಲಿ ವೆನಿಸ್ ಹಬ್ಬದ ಕ್ಲಾಸಿಕ್ಸ್ ವಿಭಾಗದಲ್ಲಿ ತೋರಿಸಿದ್ರು.

ಕೆಲಸ ಹೆಂಗೆ ಅಂದ್ರೆ, ನೆಗೆಟಿವ್ ಅಡಿ ಅಡಿ ಪರೀಕ್ಷೆ ಮಾಡಿ ಹರಿದ ಅಂಚು, ಅಂಚಿನ ತೂತು ರಿಪೇರಿ ಮಾಡಿ, ತೊಳೆದು, ಒಂದೊಂದು ಚಿತ್ರಾನೂ 4ಕೆ ಸ್ಕ್ಯಾನ್ ಮಾಡ್ತಾರೆ. ಎರಡು ಗಂಟೆ ಸಿನಿಮಾ ಅಂದ್ರೆ 1,72,800 ಚಿತ್ರ. ಆಮೇಲೆ ಗೀರು, ಧೂಳು, ಮಿಣುಕು ತೆಗೀತಾರೆ, ಧ್ವನಿಯ ಕರಕರ ಕಮ್ಮಿ ಮಾಡ್ತಾರೆ, ಬೆಳಕು ನೆರಳು ಎಷ್ಟಿರ್ಬೇಕು ಅಂತ ಡೈರೆಕ್ಟರ್ ಪಕ್ಕ ಕೂತು ಹೇಳ್ತಾರೆ. ಫಿಲಂನ ಸಣ್ಣ ಕಣ ಕಾಣುತ್ತಲ್ಲ, ಅದನ್ನ ಒರೆಸಿ ಹಾಕಬಾರದು, ಒರೆಸಿದ್ರೆ ಮುಖ ಮೇಣದ ಬೊಂಬೆ ಥರ ಆಗುತ್ತೆ. ಮೂಲ ಡೈರೆಕ್ಟರ್ ಬದುಕಿದ್ದಾಗಲೇ ಇದು ಆಗ್ಬೇಕು ಅಂತ ನಾವು ಅಷ್ಟು ಒತ್ತಾಯ ಮಾಡೋದು ಇದಕ್ಕೇ, ಆ ದೃಶ್ಯ ಎಷ್ಟು ಕತ್ತಲಾಗಿತ್ತು ಅಂತ ಅವರಿಗಲ್ದೆ ಯಾರಿಗೆ ನೆನಪಿರುತ್ತೆ?

## ಮಾಡೋರಿಗೆ

ಮೊಬೈಲಲ್ಲಿ ಶಾರ್ಟ್ ಫಿಲಂ ಮಾಡಿದೀನಿ ಬ್ರೋ, ತಗೋತೀರಾ?

ತಗೋತೀವಿ, ಯಾವುದ್ರಲ್ಲಿ ತೆಗೆದೆ ಅಂತ ಕೇಳೋದೇ ಇಲ್ಲ. ಧ್ವನಿ ಮಾತ್ರ ನೋಡ್ಕೋ. ಚಿತ್ರ ಸ್ವಲ್ಪ ಅಲ್ಲಾಡಿದ್ರೂ ಜನ ಸಹಿಸ್ತಾರೆ, ಮಾತು ಕೇಳದಿದ್ರೆ ಎದ್ದು ಹೋಗ್ತಾರೆ. ಸಿನಿಮಾ ಹಾಡು, ನೆಟ್ಟಿಂದ ಇಳಿಸಿದ ಮ್ಯೂಸಿಕ್ ಹಾಕಿದ್ರೆ ಎಷ್ಟೇ ಚೆನ್ನಾಗಿದ್ರೂ ತಗೊಳ್ಳೋಕಾಗಲ್ಲ, ಹಕ್ಕು ಬೇರೆಯವರದು. ನಿಮ್ಮೂರಲ್ಲೇ ಡೊಳ್ಳು ಬಾರಿಸೋರು, ತತ್ವಪದ ಹಾಡೋರು ಇದಾರೆ, ಕೇಳಿ ಒಪ್ಪಿಸಿ ದುಡ್ಡು ಕೊಟ್ಟು ರೆಕಾರ್ಡ್ ಮಾಡ್ಕೋ. ನಮ್ಮ ಕಡೆ ಮಾತನ್ನ ಬೆಂಗಳೂರು ಮಾತು ಮಾಡಿ ಡಬ್ ಮಾಡ್ಬೇಡ, ಇದು ನನ್ನ ಸ್ವಂತ ಕೋರಿಕೆ.

ಸೆಲೆಕ್ಟ್ ಆದ್ಮೇಲೆ ಡಿಸಿಪಿ ಕೇಳ್ತೀರಂತೆ, ಪೆನ್‌ಡ್ರೈವಲ್ಲಿ ಎಂಪಿ4 ಕೊಟ್ರೆ ಆಗಲ್ವಾ?

ರಂಗಮಂದಿರದ ಶೋಗೆ ಆಗುತ್ತೆ, ಟಾಕೀಸಿಗೆ ಆಗಲ್ಲ. ಟಾಕೀಸಿನ ಸರ್ವರ್ ಓದೋದು ಡಿಸಿಪಿ, ಅಂದ್ರೆ ಡಿಜಿಟಲ್ ಸಿನಿಮಾ ಪ್ಯಾಕೇಜನ್ನೇ, ಅದ್ರಲ್ಲಿ ಒಂದೊಂದು ಫ್ರೇಮೂ ಬೇರೆ ಬೇರೆ ಚಿತ್ರವಾಗಿ ಜೆಪೆಗ್ 2000 ರೂಪದಲ್ಲಿ ಇರುತ್ತೆ, 2ಕೆ ಅಂದ್ರೆ 2048 ಅಗಲ 1080 ಎತ್ತರ. ದುಡ್ಡು ಕೊಟ್ಟು ಮಾಡಿಸಬೇಕು ಅಂತೇನಿಲ್ಲ, ಡಿಸಿಪಿ-ಓ-ಮ್ಯಾಟಿಕ್ ಅಂತ ಉಚಿತ ಸಾಫ್ಟ್‌ವೇರ್ ಇದೆ. ಮೊಬೈಲಲ್ಲಿ ತೆಗೆದಿದ್ರೆ ಫ್ರೇಮ್ ರೇಟ್ ಏರಿಳಿತ ಇರುತ್ತೆ, ಮೊದ್ಲೇ ಎಡಿಟಿಂಗಲ್ಲಿ 24ಕ್ಕೋ 25ಕ್ಕೋ ಸ್ಥಿರ ಮಾಡ್ರಿ, ಇಲ್ಲಾಂದ್ರೆ ತುಟಿ ಒಂದ್ಕಡೆ ಮಾತು ಒಂದ್ಕಡೆ ಆಗುತ್ತೆ. ಡಿಸಿಪಿಗೆ ಬೀಗ ಹಾಕಬೇಡಿ. ಬೀಗ ಹಾಕಿದ್ರೆ ಆ ಟಾಕೀಸಿನ ಸರ್ವರಿಗೇ ಅಂತ, ಆ ಗಂಟೆಗೇ ಅಂತ ಬೇರೆ ಕೀ ಬೇಕು, ಶೋ ಹತ್ತು ನಿಮಿಷ ಹಿಂದೆ ಮುಂದೆ ಆದ್ರೂ ತೆರೆಯಲ್ಲ.

ಹಳೇ ಸಿನಿಮಾಗೆ ಕಾಪಿರೈಟ್ ಮುಗಿದಿರುತ್ತಲ್ಲ, ಯಾರನ್ನ ಯಾಕೆ ಕೇಳ್ಬೇಕು?

ಸಿನಿಮಾದ ಹಕ್ಕು ಬಿಡುಗಡೆಯಾದ ಮುಂದಿನ ವರ್ಷದ ಜನವರಿಯಿಂದ 60 ವರ್ಷ. ಹಾಗಾಗಿ 1964ರ ಚಂದವಳ್ಳಿಯ ತೋಟದ್ದು 2024ರ ಕೊನೆಗೆ ಮುಗೀತು, 1972ರ ನಾಗರಹಾವಿಂದು 2032ರ ತನಕ ಇರುತ್ತೆ. ಆದ್ರೆ ಕಾದಂಬರಿ ಹಕ್ಕು ಬೇರೆ, ಅದು ಲೇಖಕರು ತೀರಿಕೊಂಡ ಮೇಲೆ 60 ವರ್ಷ. ತರಾಸು ಹೋಗಿದ್ದು 1984ರಲ್ಲಿ, ಅಂದ್ರೆ ಕಾದಂಬರಿ ಹಕ್ಕು 2044ರವರೆಗೆ ಅವರ ಮನೆಯವರದು. ಹಾಡು, ಸಂಗೀತಕ್ಕೂ ಇದೇ ಥರ ಬೇರೆ ಲೆಕ್ಕ. ಅದಕ್ಕೇ ಅವಧಿ ಮುಗಿದಿದ್ರೂ ನಾವು ನಿರ್ಮಾಪಕರ ಕುಟುಂಬ, ಲೇಖಕರ ಕುಟುಂಬ ಇಬ್ಬರಿಗೂ ಪತ್ರ ಬರೀತೀವಿ. ಪತ್ರ ಹೋದ್ರೆ ಇನ್ನೊಂದು ಲಾಭ ಇದೆ, ಎಷ್ಟೋ ಸಲ ಉತ್ತರದ ಜೊತೆ ಸ್ಟಿಲ್ ಫೋಟೋ, ಸ್ಕ್ರಿಪ್ಟ್, ಎಲ್ಲೋ ಇಟ್ಟಿದ್ದ ಡಬ್ಬಿ ಸುದ್ದಿ ಬರುತ್ತೆ.

ನಾವು ಹೊಸದುರ್ಗದೋರು, ನಮ್ಮೂರಲ್ಲೂ ಮಾಡ್ಬೇಕು ಅಂತಿದೀವಿ. ಎಲ್ಲಿಂದ ಶುರು ಮಾಡೋದು?

ಹಬ್ಬದಿಂದ ಶುರು ಮಾಡಬೇಡಿ, ತಿಂಗಳಿಗೆ ಒಂದು ಸಿನಿಮಾದಿಂದ ಶುರು ಮಾಡ್ರಿ. ಸಣ್ಣ ಊರಲ್ಲಿ ನಡೆಯಲ್ಲ ಅನ್ನೋರಿಗೆ ಹೆಗ್ಗೋಡು ತೋರಿಸ್ರಿ, ಕೆ.ವಿ. ಸುಬ್ಬಣ್ಣನವರು ಎಪ್ಪತ್ತರ ದಶಕದಲ್ಲೇ ನೀನಾಸಂ ಚಿತ್ರಸಮಾಜ ಕಟ್ಟಿ ಅಡಿಕೆ ತೋಟದ ಜನಕ್ಕೆ ಜಪಾನು, ಇಟಲಿ ಸಿನಿಮಾ ತೋರಿಸಿದ್ರು, ಜನ ಕೂತು ನೋಡಿದ್ರು, ಜಗಳ ಆಡಿದ್ರು. ನಿಮ್ಮ ತಾಲೂಕಿನ ಸಾಣೇಹಳ್ಳೀಲೇ ನಾಟಕ ನೋಡೋಕೆ ಎಷ್ಟು ಜನ ಸೇರ್ತಾರೆ ಅಂತ ನಿಮಗೆ ನಾನು ಹೇಳ್ಬೇಕಾಗಿಲ್ಲ, ಪ್ರೇಕ್ಷಕರು ರೆಡಿ ಇದಾರೆ.

ಹತ್ತು ಹದಿನೈದು ಜನ ಸೇರಿ ಸಂಘ ನೋಂದಣಿ ಮಾಡಿಸ್ರಿ, ಫಿಲಂ ಸೊಸೈಟಿಗಳ ಒಕ್ಕೂಟ ಇದೆ, 1959ರಲ್ಲಿ ಸತ್ಯಜಿತ್ ರಾಯ್ ಅಧ್ಯಕ್ಷರಾಗಿ ಶುರುವಾಗಿದ್ದು, ಅದಕ್ಕೆ ಸದಸ್ಯರಾಗ್ರಿ. ಸಿನಿಮಾ ತೋರಿಸೋ ಜಾಗಕ್ಕೆ 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆ ಇದೆ, ಲೈಸೆನ್ಸ್ ಕೊಡೋದು ಜಿಲ್ಲಾ ದಂಡಾಧಿಕಾರಿ, ಅಂದ್ರೆ ಡಿಸಿ. ಹಾಗಾಗಿ ಬಾಯಿ ಮಾತಲ್ಲಿ ನಂಬಿ ಹಾಲ್ ಬುಕ್ ಮಾಡಬೇಡಿ, ಡಿಸಿ ಆಫೀಸಲ್ಲಿ ವಿಚಾರಿಸಿ ಬರವಣಿಗೇಲಿ ತಗೊಳ್ರಿ.

ದುಡ್ಡು ಕಮ್ಮಿ ಇದ್ರೆ ಪ್ರೊಜೆಕ್ಟರ್ ಬಾಡಿಗೆಗೆ ತಂದು ಸ್ಪೀಕರ್ ಮೇಲೆ ಖರ್ಚು ಮಾಡ್ರಿ. ಮದುವೆ ಮನೆ ಸೌಂಡ್ ಸೆಟ್ ಮಾತಿಗೆ ಆಗಲ್ಲ, ಡಬಡಬ ಅನ್ನುತ್ತೆ. ಕಲ್ಯಾಣ ಮಂಟಪದ ಕಿಟಕಿಗೆ ಕಪ್ಪು ಬಟ್ಟೆ, ನೆಲಕ್ಕೆ ಜಮಖಾನ ಹಾಕಿದ್ರೆ ಪ್ರತಿಧ್ವನಿ ಅರ್ಧ ಕಮ್ಮಿ. ಹಿಂದಿನ ದಿನ ರಾತ್ರಿ ಪೂರ್ತಿ ಸಿನಿಮಾ ಒಂದ್ಸಲ ಓಡಿಸಿ ನೋಡ್ರಿ, ಮೊದಲ ಐದು ನಿಮಿಷ ನೋಡಿ ಬಿಡೋದಲ್ಲ. ಮತ್ತೆ ಸಿನಿಮಾ ಮುಗಿದ ತಕ್ಷಣ ಲೈಟ್ ಹಾಕಿ ವಂದನಾರ್ಪಣೆಗೆ ಮೈಕ್ ಹಿಡೀಬೇಡಿ, ಹೆಸರುಗಳು ಪೂರ್ತಿ ಹೋಗೋ ತನಕ ಬಿಡ್ರಿ. ಚಂದವಳ್ಳಿಯ ತೋಟದಿಂದಾನೇ ಶುರು ಮಾಡ್ತೀರಾದ್ರೆ ಪತ್ರದ ಮಾದರಿ ನಮ್ಮ ಹತ್ರ ಇದೆ, ಬಂದು ತಗೊಂಡು ಹೋಗ್ರಿ.